ಸತ್ತರೆ ಸಲಾಮು, ಬದುಕಿದರೆ ಬೇರೆ ಲೋಟ



ಡಿಸೆಂಬರ್ 6 ಬಾಬಾಸಾಹೇಬರು ತೀರಿಕೊಂಡ ದಿನ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಕ್ಯಾಲೆಂಡರಿನಲ್ಲಿ ಈ ಎರಡೂ ಅಕ್ಕಪಕ್ಕದ ಮನೆಗಳು. ಆದರೆ ಊರಿಗೂ ಕೇರಿಗೂ ನಡುವೆ ಎಷ್ಟು ದೂರವಿದೆಯೋ ಅಷ್ಟೇ ದೂರ ಈ ಎರಡು ತಾರೀಖುಗಳ ನಡುವೆಯೂ ಇದೆ. 6ಕ್ಕೆ ಹಾಸ್ಟೆಲ್ ಹುಡುಗರು ತಾವೇ ಚಂದಾ ಎತ್ತಿ, ಫೋಟೋಗೆ ಹಾರ ಹಾಕಿ, ಮೇಣದಬತ್ತಿ ಹಚ್ಚುತ್ತಾರೆ. ವಾರ್ಡನ್ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. 7ಕ್ಕೆ ಇಡೀ ಕಾಲೇಜು ಸಾಲುಗಟ್ಟಿ ನಿಲ್ಲುತ್ತದೆ. ಎನ್‌ಸಿಸಿ ಹುಡುಗರ ಬೂಟು ಪಳಪಳ. ಡಬ್ಬಿ ಬರುತ್ತದೆ. ಎದೆಗೆ ಕಾಗದದ ಬಾವುಟ ಚುಚ್ಚುತ್ತಾರೆ. ಯಾರೋ ಒಬ್ಬ ಅತಿಥಿ ಮೈಕು ಹಿಡಿದು, ‘ನಾವು ಇಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೀವಿ ಅಂದ್ರೆ ಅಲ್ಲಿ ಗಡಿಯಲ್ಲಿ...’ ಅಂತ ಶುರು ಮಾಡ್ತಾರೆ. ನಿದ್ದೆ ಯಾರಿಗೆ ಬರುತ್ತಿದೆಯೋ ಅವರೇ ಹೇಳಬೇಕು.

ಮೊದಲೇ ಹೇಳಿಬಿಡ್ತೀನಿ, ಆಮೇಲೆ ಯಾರೂ ತಿರುಚಬಾರದು. ಸತ್ತ ಸೈನಿಕನ ಜೊತೆ ನನಗೆ ಜಗಳ ಇಲ್ಲ. ಅವನ ಹೆಂಡತಿಯ ಜೊತೆ, ಕಾಲು ಕಳಕೊಂಡು ಊರಿಗೆ ಬಂದವನ ಜೊತೆ ಜಗಳ ಇಲ್ಲ. 1949ರಿಂದ ಪ್ರತಿ ಡಿಸೆಂಬರ್ 7ಕ್ಕೆ ಎತ್ತುವ ಈ ದುಡ್ಡು ಸತ್ತವರ ಸಂಸಾರಕ್ಕೆ, ಅಂಗವಿಕಲರಾಗಿ ಬಂದವರಿಗೆ, ಮಾಜಿ ಸೈನಿಕರಿಗೆ ಹೋಗಬೇಕಾದ ದುಡ್ಡು. ಹಾಕಿ. ಹಾಸ್ಟೆಲಿನ ಬಡ ಹುಡುಗನೂ ಹತ್ತು ರೂಪಾಯಿ ಹಾಕಲಿ. ನನ್ನ ಜಗಳ ಇರೋದು ವೇದಿಕೆ ಮೇಲೆ ನಿಂತು ಸತ್ತವನ ಹೆಸರಿನಲ್ಲಿ ನಮಗೆ ದೇಶಭಕ್ತಿಯ ಪಾಠ ಹೇಳುವವರ ಜೊತೆ. ಸತ್ತವನು ಯಾವ ಕೇರಿಯಿಂದ ಬಂದ, ಅವನ ಅಪ್ಪ ಯಾವ ಬಾವಿ ನೀರು ಕುಡೀತಿದ್ದ, ಅವನ ಹೆಣ ಊರೊಳಗಿನ ದಾರಿಯಲ್ಲಿ ಹೋಯ್ತೋ ಹಳ್ಳದ ದಾರಿಯಲ್ಲಿ ಹೋಯ್ತೋ ಅಂತ ಕೇಳಿದರೆ ‘ಹುತಾತ್ಮರಲ್ಲೂ ಜಾತಿ ತರ್ತೀರಲ್ಲ, ನಾಚಿಕೆ ಆಗಲ್ವಾ’ ಅಂತ ಬಾಯಿ ಮುಚ್ಚಿಸುವವರ ಜೊತೆ.

ಜಾತಿ ತಂದವರು ನಾವಾ?

ಗಡಿ ಅಂದರೆ ಏನು ಅಂತ ನಮಗೆ ಹೇಳಿಕೊಡೋಕೆ ಬರ್ತಾರೆ! ಹಳೇ ಮೈಸೂರು ಸೀಮೆಯಲ್ಲಿ ಎರಡು ಊರುಗಳ ನಡುವೆ ಗಡಿ ತಕರಾರು ಬಂದರೆ ಯಾರನ್ನು ಕರೆಸುತ್ತಿದ್ದರು? ಹೊಲೆಯರ ಕುಳವಾಡಿಯನ್ನು. ಪಟೇಲನಿಗೆ ಗೊತ್ತಿಲ್ಲದ, ಶಾನುಭೋಗನ ಕಡತದಲ್ಲಿಲ್ಲದ ಗಡಿ ಅವನ ಕಾಲಿಗೆ ಗೊತ್ತಿತ್ತು. ಊರಿನ ಮಣ್ಣಿನ ಉಂಡೆಯನ್ನು ತಲೆ ಮೇಲೆ ಹೊತ್ತು ಅವನು ನಡೆದ ದಾರಿಯೇ ಗಡಿ. ಸುಳ್ಳು ದಾರಿ ನಡೆದರೆ ಉಂಡೆ ತಾನಾಗಿ ಒಡೆದು, ಅವನು ಸತ್ತು, ಅವನ ಮನೆ ಹಾಳಾಗುತ್ತದೆ ಅನ್ನೋದು ನಂಬಿಕೆ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲಿಷ್ ಅಧಿಕಾರಿಗಳು ಇದನ್ನು ಬರೆದಿಟ್ಟಿದ್ದಾರೆ. ಅಂದರೆ ಮಣ್ಣಿನ ಮೇಲೆ ಪ್ರಾಣ ಒತ್ತೆ ಇಟ್ಟು ಗಡಿ ಕಾದವನು ಅವನು. ಅವನ ಮಾತಿಗೆ ಇಡೀ ಊರು ತಲೆಬಾಗುತ್ತಿತ್ತು. ಸಂಜೆ ಆದ ಮೇಲೆ ಅವನು ಮಾತ್ರ ಊರಿನ ಗಡಿಯಾಚೆಗೇ ವಾಪಸ್ಸು. ಅವನು ಹೊತ್ತ ಮಣ್ಣಿನಲ್ಲಿ ಅವನಿಗೆ ಒಂದು ಹಿಡಿಯೂ ಇಲ್ಲ. ಈ ದೇಶದ ಮೊದಲ ಗಡಿ ಪಾಕಿಸ್ತಾನದ ಕಡೆ ಇಲ್ಲ ಸ್ವಾಮಿ, ಊರ ಬಾವಿ ಕಟ್ಟೆ ಮೇಲಿದೆ.

ಸತ್ತವರನ್ನು ನೆನೆಯೋದೂ ನಮ್ಮ ನಾಡಿಗೆ ದಿಲ್ಲಿಯ ಸರ್ಕ್ಯುಲರಿನಿಂದ ಬಂದದ್ದಲ್ಲ. ಯಾವ ಊರಿಗೆ ಹೋದರೂ ಹುಣಸೆಮರದ ಕೆಳಗೋ ಕೆರೆ ಏರಿ ಮೇಲೋ ಒಂದು ವೀರಗಲ್ಲು ಇರುತ್ತದೆ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗೋದು, ಮೇಲೆ ಲಿಂಗದ ಮುಂದೆ ಕೂತಿರೋದು. ದನ ಹೊಡಕೊಂಡು ಹೋದವರ ಹಿಂದೆ ಬಿದ್ದು ಸತ್ತವನಿಗೂ ಕಲ್ಲು ನೆಟ್ಟ ನಾಡು ಇದು. ನಾಯಿಗೂ ನೆಟ್ಟಿದ್ದಾರೆ. ಇತಿಹಾಸ ಎಂ.ಎ. ಓದುವ ಗೆಳೆಯರಿಗೆ ಗೊತ್ತಿರುತ್ತೆ, ಮದ್ದೂರು ತಾಲ್ಲೂಕಿನ ಆತಕೂರು ಶಾಸನ, ಸುಮಾರು 950ನೇ ಇಸವಿಯದ್ದು. ಗಂಗರ ಬೂತುಗ ಯುದ್ಧದಲ್ಲಿ ಶೌರ್ಯ ತೋರಿಸಿದ ತನ್ನ ಬಂಟ ಮಣಲೆರನಿಗೆ ಮೆಚ್ಚಿ, ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿ. ಆ ನಾಯಿ ಕಾಡುಹಂದಿಯ ಜೊತೆ ಹೋರಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಟ್ಟು, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಪಾಲಿಗೆ ಬಂದ ಕಲ್ಲು ಅದು.

ನಾಯಿಯ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಪಾಪ, ಅದೂ ಯಜಮಾನನಿಗಾಗಿ ಸತ್ತಿದ್ದು. ಆದರೆ ಸಾವಿರ ವರ್ಷದಿಂದ ಆ ನಾಯಿಯ ಹೆಸರು ನಮಗೆ ಗೊತ್ತು. ಅದೇ ದಂಡಿನ ಲಾಯದಲ್ಲಿ ಸೆಗಣಿ ಬಾಚಿದವನು, ಸತ್ತ ಕುದುರೆ ಎಳೆದು ಹಾಕಿದವನು, ಆ ಕುದುರೆಯ ಚರ್ಮದಿಂದ ಮೆಟ್ಟು ಹೊಲಿದವನು, ಇವರ ಹೆಸರೇನು? ಕಾಳಿಗೆ ಬಿಟ್ಟಷ್ಟು ಭೂಮಿ ಇವತ್ತಿಗೂ ಮದ್ದೂರು ತಾಲ್ಲೂಕಿನಲ್ಲಿ ಎಷ್ಟು ಹೊಲೆಯರಿಗೆ, ಮಾದಿಗರಿಗೆ ಇದೆ?

ಕಲ್ಲಿನ ಮೇಲೆ ನಮ್ಮವರ ಹೆಸರು ಓದಬೇಕಾದರೆ ಭೀಮಾ ನದಿಯ ದಂಡೆಗೆ ಹೋಗಬೇಕು. 1818ರ ಜನವರಿ 1, ಪುಣೆ ಹತ್ತಿರದ ಕೋರೆಗಾಂವ್. ಕಂಪನಿಯ 800ರ ಆಸುಪಾಸಿನ ಸಿಪಾಯಿಗಳು ಎರಡನೇ ಬಾಜಿರಾವ್ ಪೇಶ್ವೆಯ ಭಾರೀ ದಂಡಿನ ಎದುರು ಇಡೀ ದಿನ ನೀರಿಲ್ಲದೆ ನಿಂತರು. ಆಮೇಲೆ ಎತ್ತಿ ನಿಲ್ಲಿಸಿದ ಕಂಬದ ಮೇಲೆ ಸತ್ತವರ 49 ಹೆಸರುಗಳಿವೆ. ಅವುಗಳಲ್ಲಿ 22 ಹೆಸರು ‘ನಾಕ’ ಎಂದು ಕೊನೆಯಾಗುತ್ತವೆ. ಅವರು ಮಹಾರರು. ಅದೇ ಪೇಶ್ವೆಗಳ ಪುಣೆಯಲ್ಲಿ ಮಹಾರನಾದವನು ಉಗುಳು ನೆಲಕ್ಕೆ ಬೀಳದಂತೆ ಕೊರಳಿಗೆ ಮಡಕೆ, ಹೆಜ್ಜೆ ಗುರುತು ಅಳಿಸಲು ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ಓಡಾಡಬೇಕಿತ್ತು ಎಂದು ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಬರೆದಿದ್ದಾರೆ. ಹೆಜ್ಜೆ ಗುರುತೂ ಉಳಿಯಕೂಡದು ಅಂದವರ ಕಣ್ಣೆದುರು ಹೆಸರು ಕಲ್ಲಿನಲ್ಲಿ ಉಳಿಯಿತು. ಜನ ಲಕ್ಷಗಟ್ಟಲೆ ಅಲ್ಲಿಗೆ ಹೋಗೋದು ಅದಕ್ಕೆ, ಕಂಪನಿ ಸರ್ಕಾರದ ಮೇಲಿನ ಪ್ರೀತಿಗಲ್ಲ.

‘ಬ್ರಿಟಿಷರಿಗೋಸ್ಕರ ಸತ್ತವರನ್ನು ನೆನೆಯೋದು ದೇಶದ್ರೋಹ’ ಅನ್ನೋ ಮಾತು ಕೇಳಿದ್ದೀರಿ. ಸರಿ. 1931ರಲ್ಲಿ ಉದ್ಘಾಟನೆಯಾದ ಇಂಡಿಯಾ ಗೇಟಿನ ಮೇಲಿರುವ ಹದಿಮೂರು ಸಾವಿರಕ್ಕೂ ಹೆಚ್ಚು ಹೆಸರುಗಳು ಯಾರಿಗೋಸ್ಕರ ಸತ್ತವರವು? ಜಾರ್ಜ್ ದೊರೆಗೋಸ್ಕರ ಸತ್ತವರವು. ಅದೇ ಕಮಾನಿನ ಕೆಳಗೆ 1972ರಿಂದ 2022ರ ಜನವರಿವರೆಗೆ ಅಮರ್ ಜವಾನ್ ಜ್ಯೋತಿ ಉರಿಯಿತು. ಪ್ರಧಾನಿಗಳೆಲ್ಲ ಅಲ್ಲಿ ತಲೆಬಾಗಿದರು. ಆಗ ಯಾರೂ ದೇಶದ್ರೋಹ ಅನ್ನಲಿಲ್ಲ. ಕೋರೆಗಾಂವ್ ಕಂಬದಲ್ಲೂ ಮಿಕ್ಕ ಹೆಸರುಗಳು ಮರಾಠರವು, ರಜಪೂತರವು, ಮುಸ್ಲಿಮರವು. ಸಂಬಳಕ್ಕೆ, ಹೊಟ್ಟೆಪಾಡಿಗೆ ದಂಡಿಗೆ ಸೇರಿ ಸತ್ತವರು ಎಲ್ಲ ಜಾತಿಯಲ್ಲೂ ಇದ್ದಾರೆ. ದ್ರೋಹದ ಹಣೆಪಟ್ಟಿ ಮಾತ್ರ ‘ನಾಕ’ರಿಗೆ.

ಬಾಬಾಸಾಹೇಬರು ಅಲ್ಲಿಗೆ ಹೋದದ್ದು 1927ರ ಜನವರಿ 1ಕ್ಕೆ. ಅದೇ ವರ್ಷದ ಮಾರ್ಚ್ 20ಕ್ಕೆ ಮಹಾಡದ ಚವದಾರ್ ಕೆರೆಗಿಳಿದು ನೀರು ಮುಟ್ಟಿದರು. ಈ ಎರಡು ತಾರೀಖನ್ನು ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಬರೆದಿಟ್ಟುಕೊಳ್ಳಿ. ಎರಡೂವರೆ ತಿಂಗಳಿನಲ್ಲಿ ಕಲ್ಲಿನಿಂದ ನೀರಿಗೆ ಬಂದರು. ನಮ್ಮಲ್ಲಿ ಕೆಲವರು ಕಲ್ಲಿಗೆ ಹಾರ ಹಾಕಿ, ಸೆಲ್ಫಿ ತೆಗೆದು, ಅಲ್ಲಿಂದಲೇ ಮನೆಗೆ ವಾಪಸ್ಸಾಗುತ್ತಾರೆ.

2018ರ ಜನವರಿ 1ಕ್ಕೆ, ಇನ್ನೂರನೇ ವರ್ಷದಲ್ಲಿ, ಅಲ್ಲಿ ನೆನೆಯಲು ಬಂದವರ ಮೇಲೆ ಕಲ್ಲು ಬಿತ್ತು. ಗಲಭೆಯಲ್ಲಿ ಒಬ್ಬ ಯುವಕ ಸತ್ತ. ಅದರ ಹಿಂದಿನ ದಿನದ ಎಲ್ಗಾರ್ ಪರಿಷತ್ತಿನ ಹೆಸರಿನಲ್ಲಿ ಆಮೇಲೆ ಜೈಲು ಸೇರಿದವರಲ್ಲಿ ಕವಿ ಇದ್ದರು, ಪ್ರೊಫೆಸರರಿದ್ದರು, ವಕೀಲರಿದ್ದರು. 84ರ ಸ್ಟ್ಯಾನ್ ಸ್ವಾಮಿ 2021ರ ಜುಲೈ 5ರಂದು ಬಂಧನದಲ್ಲಿರುವಾಗಲೇ ಆಸ್ಪತ್ರೆಯಲ್ಲಿ ತೀರಿಕೊಂಡರು. ಡಿಸೆಂಬರ್ 7ರ ಮೌನಕ್ಕೆ ಬಂದೋಬಸ್ತು ಕೊಡುವ ಸರ್ಕಾರವೇ ಜನವರಿ 1ರ ಮಾತಿಗೆ ಕೇಸು ಹಾಕುತ್ತದೆ.

ಇನ್ನು ಬ್ರಿಟಿಷರನ್ನು ಹೆಗಲ ಮೇಲೆ ಹೊತ್ತು ಕುಣಿಯುವ ನಮ್ಮವರಿಗೂ ಎರಡು ಮಾತು. ಊರ ಹಬ್ಬಕ್ಕೆ ತಮಟೆಯವನನ್ನು ಹೇಗೆ ಕರೆಯುತ್ತಾರೋ ಅವರೂ ನಮ್ಮವರನ್ನು ಹಾಗೇ ಕರೆದರು. ಬೇಕಾದಾಗ ‘ಬಾರೋ’, ಹಬ್ಬ ಮುಗಿದ ಮೇಲೆ ‘ಆಚೆ ನಿಲ್ಲೋ’. 1857ರ ನಂತರ ಅವರೂ ಮನು ಓದಿದರೋ ಏನೋ, ‘ಸಮರ ಜಾತಿ’ ಅಂತ ಒಂದು ಪಟ್ಟಿ ಮಾಡಿಕೊಂಡು ಅದರಿಂದ ಮಹಾರರನ್ನು ಹೊರಗಿಟ್ಟರು. 1890ರ ದಶಕದ ಶುರುವಿನಲ್ಲಿ ಸೇರ್ಪಡೆಯೇ ನಿಂತಿತು. ಪೆನ್ಶನ್ ಪಡೆದ ಸೈನಿಕ ಗೋಪಾಲಬಾಬಾ ವಲಂಗಕರ್ 1894ರಲ್ಲಿ ಅರ್ಜಿ ಬರೆದರು. 1910ರಲ್ಲಿ ಶಿವರಾಮ ಜಾನಬಾ ಕಾಂಬಳೆ ಲಂಡನ್ನಿನ ಮಂತ್ರಿಗೇ ಮನವಿ ಕಳಿಸಿದರು. ಪ್ರಾಣ ಕೊಡ್ತೀವಿ, ಅವಕಾಶ ಕೊಡಿ ಅಂತ ಅರ್ಜಿ! ಸಾಯೋದಕ್ಕೂ ಅರ್ಜಿ ಬರೆದ ಜನ ಈ ಭೂಮಿ ಮೇಲೆ ಇನ್ನೆಲ್ಲಿದ್ದಾರೆ? ಮೊದಲ ಮಹಾಯುದ್ಧದಲ್ಲಿ ಜನ ಸಾಲದೆ ಬಂದಾಗ, 1917ರಲ್ಲಿ 111ನೇ ಮಹಾರ್ ಪಡೆ ಕಟ್ಟಿದರು. ಯುದ್ಧ ಮುಗಿಯಿತು, 1921ರಲ್ಲಿ ಬರಖಾಸ್ತು. ಎರಡನೇ ಯುದ್ಧ ಬಂತು. ವೈಸರಾಯರ ರಕ್ಷಣಾ ಸಲಹಾ ಸಮಿತಿಯಲ್ಲಿದ್ದ ಬಾಬಾಸಾಹೇಬರು ಪಟ್ಟು ಹಿಡಿದ ಮೇಲೆ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಎದ್ದು ನಿಂತಿತು. ಎಲ್ಲಿ ಗೊತ್ತೇ? ನಮ್ಮ ಬೆಳಗಾವಿಯಲ್ಲಿ, 1941ರ ಅಕ್ಟೋಬರ್ 1ಕ್ಕೆ. ಬೆಳಗಾವಿ ಯಾರದ್ದು ಅಂತ ಎರಡು ರಾಜ್ಯದವರು ಬಸ್ಸಿಗೆ ಮಸಿ ಬಳಿಯುತ್ತಾರಲ್ಲ, ಅವರಲ್ಲಿ ಒಬ್ಬರಿಗಾದರೂ ಈ ಸಂಗತಿ ಗೊತ್ತಿದೆಯೋ ವಿಚಾರಿಸಿ.

1943ರಲ್ಲಿ ಚಮಾರ್ ರೆಜಿಮೆಂಟ್ ಆಯಿತು. ಅದು ಬರ್ಮಾ ಮುಖದಲ್ಲಿ ಕಾದಾಡಿ ಕೊಹಿಮಾದ ಯುದ್ಧ ಗೌರವ ಪಡೆಯಿತು. 1946ಕ್ಕೆ ವಿಸರ್ಜನೆ. ಮಹಾರ್ ರೆಜಿಮೆಂಟು ಉಳಿಯಿತು, ಎಲ್ಲ ಜಾತಿಯವರೂ ಸೇರುವ ರೆಜಿಮೆಂಟಾಯಿತು. ಅದರ ಟೋಪಿಯ ಬಿಲ್ಲೆ ಮೇಲೆ ಮೊದಲು ಕೋರೆಗಾಂವ್ ಕಂಬ ಇತ್ತು. ಆಮೇಲೆ ಕಂಬ ತೆಗೆದು ಬಾಕು ಇಟ್ಟರು. ಇಬ್ಬರು ಭೂಸೇನಾ ಮುಖ್ಯಸ್ಥರು, ಕೃಷ್ಣರಾವ್ ಮತ್ತು ಸುಂದರ್‌ಜಿ, ಆ ರೆಜಿಮೆಂಟಿನಿಂದ ಬಂದವರು. 8ನೇ ಮಹಾರ್‌ನ ಮೇಜರ್ ರಾಮಸ್ವಾಮಿ ಪರಮೇಶ್ವರನ್ 1987ರ ನವೆಂಬರ್ 25ರಂದು ಶ್ರೀಲಂಕಾದಲ್ಲಿ ಸತ್ತು ಪರಮವೀರ ಚಕ್ರ ಪಡೆದರು. ಗುಂಡು ಬಿದ್ದಾಗ ಪಕ್ಕದವನ ಜಾತಿ ಯಾವುದು ಅಂತ ಯಾರೂ ಕೇಳಲಿಲ್ಲ. ಇದನ್ನೂ ಹೇಳಬೇಕು, ಯಾಕೆಂದರೆ ಇದೂ ನಿಜ.

ಬೆಂಗಳೂರಿನ ಹುಡುಗರು ದಿನಾ ಹಲಸೂರು ಕೆರೆ ದಾಟಿ ಹೋಗ್ತೀರಿ. ಪಕ್ಕದಲ್ಲೇ ಮದ್ರಾಸ್ ಸ್ಯಾಪರ್ಸ್ ಕೇಂದ್ರ. ಸೇತುವೆ ಕಟ್ಟುವ, ಸುರಂಗ ತೋಡುವ ಆ ಪಡೆಯಲ್ಲಿ ಹತ್ತೊಂಬತ್ತನೇ ಶತಮಾನದಿಂದ ಪರಯರು ದೊಡ್ಡ ಸಂಖ್ಯೆಯಲ್ಲಿದ್ದರು. ಮಣ್ಣು ಅಗೆಯುವ ಕೆಲಸ ಅಂದರೆ ಸಾಮ್ರಾಜ್ಯಕ್ಕೂ ನಮ್ಮವರೇ ನೆನಪಾಗಿದ್ದು.

ಸಮವಸ್ತ್ರ ಹಾಕಿದರೆ ಮೈಲಿಗೆ ಹೋಗುತ್ತದಾ? ರಾಮ್‌ಜಿ ಸಕ್ಪಾಳ್ ಸೈನ್ಯದಲ್ಲಿ ಸುಬೇದಾರ್ ಹುದ್ದೆಗೇರಿದವರು, ಸೈನ್ಯದ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಅವರ ಮಗ ಮಹೂ ದಂಡು ಪ್ರದೇಶದಲ್ಲಿ ಹುಟ್ಟಿದವನು. 1901ರಲ್ಲಿ ಆ ಹುಡುಗ ಅಣ್ಣನ ಜೊತೆ ಸಾತಾರದಿಂದ ಗೋರೆಗಾಂವ್‌ನಲ್ಲಿದ್ದ ಅಪ್ಪನನ್ನು ನೋಡಲು ಹೊರಟ. ಹೊಸ ಬಟ್ಟೆ, ಹೊಸ ಟೋಪಿ. ಮಸೂರ್ ಸ್ಟೇಷನ್ನಿನಲ್ಲಿ ಇಳಿದಾಗ ಸ್ಟೇಷನ್ ಮಾಸ್ತರ್ ಯಾವ ಜಾತಿ ಅಂತ ಕೇಳಿದ. ಮಹಾರರು ಅಂದಕೂಡಲೇ ಮುಖ ಬದಲಾಯಿತು. ಗಾಡಿಯವರು ಕೂರಿಸಿಕೊಳ್ಳಲಿಲ್ಲ. ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆದರು, ಗಾಡಿಯವನು ಪಕ್ಕದಲ್ಲಿ ನಡೆದ. ಬುತ್ತಿಯಲ್ಲಿ ಊಟ ಇತ್ತು. ರಾತ್ರಿಯಿಡೀ ನೀರು ಸಿಗಲಿಲ್ಲ. ಸುಬೇದಾರನ ಮಕ್ಕಳು ಬಾಯಾರಿಯೇ ಮಲಗಿದರು. ಆ ಹುಡುಗ ಮುಂದೆ ಸಂವಿಧಾನ ಬರೆದ.

ಬಂದೂಕು ಹಿಡಿದವರ ಕತೆಯೇ ಇದಾದರೆ ಪೊರಕೆ ಹಿಡಿದು ಹೋದವರದ್ದು? ಪ್ರತಿ ಪಲ್ಟನ್ನಿನ ಹಿಂದೆ ಒಂದು ಸಣ್ಣ ಹೊಲಗೇರಿ ನಡೆಯುತ್ತಿತ್ತು. ಕಕ್ಕಸು ಬಳಿಯುವವನು, ನೀರು ಹೊರುವವನು, ಜೋಡು ಹೊಲಿಯುವವನು. ದಾಖಲೆಯಲ್ಲಿ ಅವರ ಹೆಸರು ‘ಫಾಲೋಯರ್ಸ್’, ಹಿಂಬಾಲಕರು. ಮೊದಲ ಮಹಾಯುದ್ಧದಲ್ಲಿ ಮೆಸಪಟೋಮಿಯಾಕ್ಕೆ ಜನ ಸಿಗದೆ ಹಿಂದೂಸ್ತಾನದ ಜೈಲುಗಳಿಂದ ಕೂಲಿಗಳನ್ನು, ಕಸ ಬಳಿಯುವವರನ್ನು ಹಡಗು ಹತ್ತಿಸಿದರು. ಕಾಲರಾ ಬಂದರೆ ಅವರೂ ಸತ್ತರು, ಶೆಲ್ ಬಿದ್ದರೆ ಅವರೂ ಸತ್ತರು. ಇರಾಕಿನ ಬಸ್ರಾದ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕನಿಗೆ ಹೆಸರು ಬಂತು, ಹಿಂದೂಸ್ತಾನದ ಸಾಮಾನ್ಯ ಸೈನಿಕನಿಗೆ ಬರೀ ಸಂಖ್ಯೆ ಬಂತು: ಇಂತಿಂಥ ಪಲ್ಟನ್, ಇಷ್ಟು ಜನ. ನೂರು ವರ್ಷ ಬಿಟ್ಟು, 2021ರ ಏಪ್ರಿಲ್‌ನಲ್ಲಿ, ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಒಂದು ವರದಿ ಹೊರಡಿಸಿ ಕ್ಷಮೆ ಕೇಳಿತು. ಆಫ್ರಿಕಾ, ಮಧ್ಯಪ್ರಾಚ್ಯ, ಏಷ್ಯಾ ಕಡೆಯ ಕನಿಷ್ಠ 1,16,000 ಜನರಿಗೆ, ಲೆಕ್ಕ ಮೇಲೆ ಹೋದರೆ 3,50,000 ಜನರಿಗೆ, ಹೆಸರಿನ ಗೌರವವಾಗಲಿ ಯಾವ ಗೌರವವೇ ಆಗಲಿ ಸಿಕ್ಕಿಲ್ಲ ಎಂದು ಒಪ್ಪಿಕೊಂಡಿತು. ಬಿಳಿಯರು ನೂರು ವರ್ಷಕ್ಕಾದರೂ ಒಂದು ವರದಿ ಬರೆದರು. ನಮ್ಮ ದಿಲ್ಲಿಯಲ್ಲಿ 2019ರ ಫೆಬ್ರವರಿ 25ರಂದು ರಾಷ್ಟ್ರೀಯ ಯುದ್ಧ ಸ್ಮಾರಕ ತೆರೆದರು. 25 ಸಾವಿರಕ್ಕೂ ಹೆಚ್ಚು ಹೆಸರುಗಳು, ಗ್ರಾನೈಟಿನಲ್ಲಿ. ಒಳ್ಳೆಯದೇ. ಆ ಗೋಡೆ ಮೇಲೆ ಎಲ್ಲರ ಅಕ್ಷರವೂ ಒಂದೇ ಅಳತೆ. ಗೋಡೆಯಿಂದ ಊರಿಗೆ ಬಂದರೆ ಅಳತೆ ಬದಲಾಗುತ್ತದೆ.

2016ರ ಜೂನ್. ಕಾಶ್ಮೀರದ ಪಾಂಪೋರ್‌ನಲ್ಲಿ ಸಿಆರ್‌ಪಿಎಫ್ ವಾಹನದ ಮೇಲೆ ದಾಳಿ ನಡೆದು 8 ಜನ ಸತ್ತರು. ಅವರಲ್ಲಿ ಒಬ್ಬರು ಉತ್ತರ ಪ್ರದೇಶದ ಫಿರೋಜಾಬಾದ್ ಜಿಲ್ಲೆಯವರು, ನಟ್ ಜಾತಿಯ ದಲಿತ. ತ್ರಿವರ್ಣ ಧ್ವಜ ಸುತ್ತಿದ ಪೆಟ್ಟಿಗೆ ಊರಿಗೆ ಬಂತು. ಊರಿನ ಸಾರ್ವಜನಿಕ ಜಾಗದಲ್ಲಿ ಅಂತ್ಯಸಂಸ್ಕಾರ ಮಾಡಿ ಒಂದು ಪ್ರತಿಮೆ ನಿಲ್ಲಿಸಬೇಕು ಅಂತ ಮನೆಯವರು ಕೇಳಿದರು. ಮೇಲ್ಜಾತಿಯವರು ಒಪ್ಪಲಿಲ್ಲ. ಅಧಿಕಾರಿಗಳು ಬಂದು ಗಂಟೆಗಟ್ಟಲೆ ಮಾತುಕತೆ ನಡೆಸಿದ ಮೇಲೆ ಒಂದಿಷ್ಟು ಜಾಗ ಬಿಟ್ಟುಕೊಟ್ಟರು. ಧ್ವಜದ ಬಟ್ಟೆ ಹೆಣವನ್ನು ಮುಚ್ಚಿತು, ಜಾತಿಯನ್ನು ಮುಚ್ಚಲಿಲ್ಲ. ‘ಹುತಾತ್ಮರಲ್ಲಿ ಜಾತಿ ತರಬೇಡಿ’ ಅನ್ನುವ ಅತಿಥಿಗಳು ಆ ಊರಿಗೆ ಹೋಗಿ ಭಾಷಣ ಮಾಡಬಹುದಿತ್ತು. (ಅಂದಹಾಗೆ ‘ಹುತಾತ್ಮ’ ಎಂಬ ಪದ ನಮ್ಮ ದಾಖಲೆಯಲ್ಲೇ ಇಲ್ಲ ಅಂತ ಸರ್ಕಾರ 2017ರಲ್ಲಿ ಕೇಂದ್ರ ಮಾಹಿತಿ ಆಯೋಗದ ಮುಂದೆ ಹೇಳಿದೆ. ಪದ ಭಾಷಣಕ್ಕೆ ಮಾತ್ರ, ಕಡತಕ್ಕಲ್ಲ.)

2020ರ ಫೆಬ್ರವರಿ, ಗುಜರಾತಿನ ಬನಾಸಕಾಂಠಾ. ರಜೆ ಮೇಲೆ ಬಂದ ದಲಿತ ಸೈನಿಕನ ಮದುವೆ. ಕುದುರೆ ಮೇಲೆ ಕೂತಿದ್ದಕ್ಕೆ ಮೆರವಣಿಗೆ ಮೇಲೆ ಕಲ್ಲು. ಕುದುರೆ ಅಂದಾಗ ಇನ್ನೊಂದು ನೆನಪಾಯಿತು. ರಾಷ್ಟ್ರಪತಿಗಳ ಅಂಗರಕ್ಷಕ ದಳ, ಹೊಳೆಯುವ ಈಟಿ, ಎತ್ತರದ ಕುದುರೆ, ಗಣರಾಜ್ಯೋತ್ಸವದ ದಿನ ಟಿವಿಯಲ್ಲಿ ನೋಡ್ತೀರಲ್ಲ. ಆ ದಳಕ್ಕೆ ಜಾಟರು, ರಜಪೂತರು, ಜಾಟ್ ಸಿಖ್ಖರನ್ನು ಮಾತ್ರ ತೆಗೆದುಕೊಳ್ಳುತ್ತೇವೆ ಎಂದು ಸೇನೆಯೇ 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿತು. ಕಾರಣ ಕೇಳಿದರೆ, ಎತ್ತರ, ಮೈಕಟ್ಟು, ರೂಪ ಎಲ್ಲ ಒಂದೇ ಥರ ಇರಬೇಕಂತೆ! ಕೆ.ಆರ್. ನಾರಾಯಣನ್ ರಾಷ್ಟ್ರಪತಿಯಾಗಿದ್ದಾಗ, ರಾಮನಾಥ ಕೋವಿಂದ್ ರಾಷ್ಟ್ರಪತಿಯಾಗಿದ್ದಾಗ, ಅವರ ಮುಂದೆ ನಡೆದ ಕುದುರೆಗಳು ಅವೇ. ನಮ್ಮವನು ಆ ಭವನದಲ್ಲಿ ರಾಷ್ಟ್ರಪತಿ ಆಗಬಹುದು, ಬಾಗಿಲಲ್ಲಿ ಈಟಿ ಹಿಡಿದು ನಿಲ್ಲುವ ಹಾಗಿಲ್ಲ.

2023ರ ಮೇ 4ಕ್ಕೆ ಮಣಿಪುರದಲ್ಲಿ ಗುಂಪೊಂದು ಹೆಣ್ಣುಮಕ್ಕಳಿಗೆ ಏನು ಮಾಡಿತೆಂದು ನಾನಿಲ್ಲಿ ಬರೆಯಲಾರೆ. ಅವರಲ್ಲಿ ಒಬ್ಬಾಕೆಯ ಗಂಡ ಕಾರ್ಗಿಲ್‌ನಲ್ಲಿ ಕಾದಾಡಿದ ಸೈನಿಕ, ಕುಕಿ ಬುಡಕಟ್ಟಿನವರು. ಆ ವಿಡಿಯೋ ಹೊರಬಂದದ್ದು ಜುಲೈ 19ಕ್ಕೆ. ಸರಿಯಾಗಿ ಒಂದು ವಾರಕ್ಕೆ ಜುಲೈ 26, ಕಾರ್ಗಿಲ್ ವಿಜಯ ದಿವಸ. ಹಾರ ಎಲ್ಲ ಊರಲ್ಲೂ ಸಮಯಕ್ಕೆ ಸರಿಯಾಗಿ ಬಿತ್ತು.

ನಮ್ಮ ಕೇರಿಯಲ್ಲೂ ಒಬ್ಬರಿದ್ದಾರೆ. ಹದಿನೇಳು ವರ್ಷ ಸರ್ವೀಸು ಮಾಡಿ ಹವಾಲ್ದಾರರಾಗಿ ರಿಟೈರಾದವರು. ನಾವೆಲ್ಲ ಮಿಲಿಟರಿ ಮಾವ ಅಂತ ಕರೀತೀವಿ. ಆಗಸ್ಟ್ 15ಕ್ಕೆ ಸ್ಕೂಲಿನವರು ಅವರನ್ನು ಕರೆದು, ಮೆಡಲ್ ಹಾಕಿಸಿ, ಮುಂದಿನ ಕುರ್ಚಿಯಲ್ಲಿ ಕೂರಿಸುತ್ತಾರೆ. ಆಮೇಲೆ ಎಲ್ಲರೂ ಬಸ್‌ಸ್ಟ್ಯಾಂಡಿನ ಹೋಟೆಲಿಗೆ. ಈಗ ಯಾರೂ ಬೇರೆ ಲೋಟ ಗೋಡೆಗೂಟಕ್ಕೆ ಸಿಕ್ಕಿಸಿ ಇಡುವುದಿಲ್ಲ, ಅಟ್ರಾಸಿಟಿ ಕೇಸು ಅಂದರೇನು ಅಂತ ಗೊತ್ತು. ಊರವರಿಗೆ ಗಾಜಿನ ಲೋಟ, ನಮ್ಮವರಿಗೆ ಪೇಪರ್ ಕಪ್ಪು. ‘ಪೇಪರ್ ಕಪ್ಪೇ ಒಳ್ಳೇದು ಮಾವ, ಆರೋಗ್ಯಕ್ಕೆ’ ಅಂತ ನಗ್ತಾರೆ. ಅಸ್ಪೃಶ್ಯತೆ ಯೂಸ್ ಅಂಡ್ ಥ್ರೋ ಆಗಿದೆ. ನಾನು ಒಂದು ಸಲ ಸಿಟ್ಟಿಗೆದ್ದಾಗ ಮಾವ ತೋಳು ಹಿಡಿದು ಕೂರಿಸಿದರು. ‘ಬುಡ್ಲಾ. ಮಂಜಿನ ಪೋಸ್ಟಲ್ಲಿ ಒಂದೇ ಮಗ್ಗಲ್ಲಿ ನಾಕು ಜಾತಿಯೋರು ಚಾ ಕುಡ್ದಿದೀವಿ. ಅಲ್ಲಿ ಮಡಿ ಅಂತ ಕೂತ್ರೆ ಗಡ್ಡೆ ಕಟ್ಟೋಯ್ತೀವಿ ಕಣ್ಲಾ. ಇಲ್ಲಿ ಬಿಸ್ಲು, ಅದ್ಕೇ ಇವ್ರಿಗೆ ಮಡಿ’ ಅಂದರು. ಮೂರು ಎಕರೆ ದರಖಾಸ್ತಿಗೆ ಅವರು ಅರ್ಜಿ ಕೊಟ್ಟು ಹದಿಮೂರು ವರ್ಷವಾಯಿತು. ರಾಜ್ಯದ 1969ರ ಭೂ ಮಂಜೂರಾತಿ ನಿಯಮದಲ್ಲಿ ಪರಿಶಿಷ್ಟರಿಗೂ ಪಾಲಿದೆ, ಮಾಜಿ ಸೈನಿಕರಿಗೂ ಪಾಲಿದೆ. ಮಾವ ಎರಡೂ ಹೌದು. ಆಫೀಸಿನಲ್ಲಿ ಸೈನಿಕರ ಟೇಬಲಿಗೆ ಹೋದರೆ ಎಸ್‌ಸಿ ಟೇಬಲಿಗೆ ಕಳಿಸ್ತಾರೆ, ಎಸ್‌ಸಿ ಟೇಬಲಿಗೆ ಹೋದರೆ ಸೈನಿಕರ ಟೇಬಲಿಗೆ. ಎರಡು ಕೋಟಾ ಸೇರಿ ಇಷ್ಟು ವರ್ಷದಲ್ಲಿ ಅವರಿಗೆ ಸಿಕ್ಕಿದ್ದು ಒಂದು ಶಾಲು.

ಇಷ್ಟೆಲ್ಲ ಬರೆದ ಮೇಲೆ ನಮ್ಮ ಸಭೆಗಳಲ್ಲಿ ಕೇಳುವ ಒಂದು ಮಾತಿನ ಜೊತೆಗೂ ಜಗಳ ತೆಗೆಯಲೇಬೇಕು. ‘ನಾವೂ ದೇಶಕ್ಕಾಗಿ ಸತ್ತಿದ್ದೀವಿ, ನಮಗೂ ಗೌರವ ಕೊಡಿ’ ಅಂತ ನಮ್ಮ ಮುಖಂಡರು ಕೂಗ್ತಾರೆ. ಈ ಮಾತು ಕೇಳಿದಾಗ ನನಗೆ ಮೈ ಉರಿಯುತ್ತದೆ. ಹೆಣಗಳನ್ನು ಸರ್ಟಿಫಿಕೇಟು ಮಾಡಿ ಊರ ಗೌಡನ ಜಗುಲಿ ಮುಂದೆ ಹಿಡಿದು ನಿಂತಂತೆ. ಎಷ್ಟು ಹೆಣಕ್ಕೆ ಒಂದು ಲೋಟ ನೀರು? 22ಕ್ಕಾ? ನೂರಕ್ಕಾ? ದೇಶಕ್ಕೆ ಪ್ರಾಣ ಕೊಟ್ಟವನಿಗೆ ಬಾವಿ ನೀರು ಸಿಗಬೇಕು, ನಿಜ. ಸೈನ್ಯಕ್ಕೆ ಸೇರದವನಿಗೂ ಸಿಗಬೇಕು. ಭರ್ತಿ ರ‍್ಯಾಲಿಯಲ್ಲಿ ಓಡಿ ಸೋತವನಿಗೂ, ಹೇಡಿಗೂ, ಕುಡಿದು ಚರಂಡಿಯಲ್ಲಿ ಬಿದ್ದಿರುವ ನಮ್ಮ ಚಿಕ್ಕಪ್ಪನಿಗೂ ಸಿಗಬೇಕು. ಮೇಲ್ಜಾತಿಯ ಹೇಡಿಗೆ ಯಾವತ್ತಾದರೂ ನೀರು ನಿಲ್ಲಿಸಿದ್ದಾರಾ? ಅವನು ಮನುಷ್ಯ ಅನ್ನಿಸಿಕೊಳ್ಳೋಕೆ ಹುಟ್ಟಿದರೆ ಸಾಕು, ನಾವು ಸಾಯಬೇಕು ಅನ್ನೋ ಲೆಕ್ಕವನ್ನು ನಾವೇ ಯಾಕೆ ಒಪ್ಪಿಕೊಳ್ಳಬೇಕು?

ಸಾವಿನ ಲೆಕ್ಕವೇ ಬೇಕಾದರೆ ಮ್ಯಾನ್‌ಹೋಲಿನಿಂದ ಶುರು ಮಾಡೋಣ. ಅಲ್ಲಿಗೂ ಆಜ್ಞೆ ಮೇಲೆ ಇಳಿಯುತ್ತಾರೆ, ಅಲ್ಲೂ ಉಸಿರು ಕಟ್ಟಿ ಸಾಯುತ್ತಾರೆ, ಅಲ್ಲೂ ಒಬ್ಬನನ್ನು ಎತ್ತಲು ಹೋದ ಇನ್ನೊಬ್ಬ ಸಾಯುತ್ತಾನೆ. ಸೈನ್ಯದಲ್ಲಾದರೆ ಅದಕ್ಕೆ ಪದಕ. ಮಲ ಹೊರುವುದನ್ನು ನಿಷೇಧಿಸಿ 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು. ಚರಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಕೋರ್ಟು ರೇಟು ಏರಿಸಿದೆ, ಸಾವು ನಿಂತಿಲ್ಲ. ಅವರಿಗೆ ಯಾವ ತಾರೀಖು? ಯಾವ ಡಬ್ಬಿ? ಯಾವ ಕಾಲೇಜು ಅವರಿಗಾಗಿ ಎರಡು ನಿಮಿಷ ಎದ್ದು ನಿಂತಿದೆ?

ಬೆಳಗಿನ ಜಾವ ನಾಲ್ಕಕ್ಕೆ ಹಾಸ್ಟೆಲಿನ ಹಿಂದಿನ ಮೈದಾನದಲ್ಲಿ ಓಡುವ ಗೆಳೆಯರಿಗೆ ಒಂದು ಮಾತು. ನಿಮ್ಮನ್ನು ತಡೆಯೋಕೆ ನಾನು ಯಾರು? ಮನೆಯಲ್ಲಿ ತಂಗಿ ಮದುವೆ ಇದೆ, ಅಪ್ಪನ ಸಾಲ ಇದೆ. ಓಡಿ. ಆದರೆ ಕಣ್ಣು ಬಿಟ್ಟುಕೊಂಡು ಓಡಿ. 2022ರ ಜೂನ್ 14ಕ್ಕೆ ತಂದ ಅಗ್ನಿಪಥದಲ್ಲಿ ನಾಲ್ಕು ವರ್ಷದ ನೌಕರಿ, ಆಮೇಲೆ ನೂರಕ್ಕೆ 25 ಜನರನ್ನು ಉಳಿಸಿಕೊಂಡು ಮಿಕ್ಕವರಿಗೆ ಒಂದು ಗಂಟು ಕೊಟ್ಟು ಕಳಿಸುವುದು. ಆ ಮಿಕ್ಕವರಿಗೆ ಪೆನ್ಶನ್ ಇಲ್ಲ. 1921ರ ಕತೆ ಮೇಲೆ ಓದಿದ್ದೀರಿ. ಮಿಲಿಟರಿ ಮಾವನಿಗೆ ಭೂಮಿ ಬರದಿದ್ದರೂ ತಿಂಗಳಿಗೊಮ್ಮೆ ಪೆನ್ಶನ್ ಬರುತ್ತೆ, ಅದಕ್ಕೇ ಅವರು ಗೌಡರ ಹೊಲಕ್ಕೆ ಕೂಲಿಗೆ ಹೋಗಲ್ಲ. ಇಪ್ಪತ್ತೈದನೇ ವಯಸ್ಸಿಗೆ ವಾಪಸ್ಸು ಬರುವ ಹುಡುಗ ಎಲ್ಲಿಗೆ ಹೋಗಬೇಕು?

ಈ ಸಲ ಡಿಸೆಂಬರ್ 6ರ ಸಂಜೆ ಮೇಣದಬತ್ತಿ ಹಚ್ಚಿದ ಮೇಲೆ ಯಾರೂ ರೂಮಿಗೆ ಹೋಗಬೇಡಿ. ಅಲ್ಲೇ ಕೂತು ನಿಮ್ಮ ನಿಮ್ಮ ಕೇರಿಯಿಂದ ಸೈನ್ಯಕ್ಕೆ, ಅರೆಸೇನಾ ಪಡೆಗೆ ಹೋದವರನ್ನು ನೆನಪು ಮಾಡಿಕೊಳ್ಳಿ. ಸತ್ತವರು, ಗಾಯಗೊಂಡು ಬಂದವರು, ಮಾವನಂಥವರು. ಮ್ಯಾನ್‌ಹೋಲಿನಲ್ಲಿ ಹೋದವರನ್ನೂ ಅದೇ ಪಟ್ಟಿಯಲ್ಲಿ ಸೇರಿಸಿ, ಬೇರೆ ಹಾಳೆ ಮಾಡಬೇಡಿ. ನೆನಪಾಗದಿದ್ದರೆ ಊರಿಗೆ ಫೋನು ಮಾಡಿ ಅಜ್ಜಿಯನ್ನು ಕೇಳಿ, ಅವಳಿಗೆ ಎಲ್ಲ ಗೊತ್ತಿರುತ್ತೆ. ಹೆಸರು, ಊರು, ಪಲ್ಟನ್, ಯಾವ ವರ್ಷ, ಎಲ್ಲಿ ಸತ್ತರು, ಹೆಣ ಯಾವ ದಾರಿಯಲ್ಲಿ ಹೋಯಿತು, ಎಲ್ಲಿ ಮಣ್ಣು ಮಾಡಿದರು, ಮನೆಯವರಿಗೆ ಭೂಮಿ ಬಂತೋ ಶಾಲು ಬಂತೋ, ಎಲ್ಲ ಬರೆಯಿರಿ. ಹಾಳೆಯ ಒಂದೇ ಮಗ್ಗುಲಿಗೆ, ದಪ್ಪ ಅಕ್ಷರದಲ್ಲಿ. ಫೋಟೋ ಕಳಿಸಬೇಡಿ, ನಮ್ಮ ಈ ಹಾಳೆಯಲ್ಲಿ ಮುಖ ಮೂಡೋದಿಲ್ಲ. ಪತ್ರಿಕೆ ಮಾರುವ ಹುಡುಗನ ಕೈಗೇ ಕೊಟ್ಟರೆ ನಮಗೆ ತಲುಪುತ್ತದೆ. ಜನವರಿ 1ರ ಸಂಚಿಕೆಯಲ್ಲಿ ಕವಿತೆ ಇರುವುದಿಲ್ಲ, ನನ್ನದೂ ಇರುವುದಿಲ್ಲ. ಆ ಜಾಗವನ್ನೆಲ್ಲ ಈ ಹೆಸರುಗಳಿಗೆ ಬಿಟ್ಟಿದ್ದೇವೆ. ಡಿಸೆಂಬರ್ 20ರೊಳಗೆ ಕಳಿಸಿ.